ವರ್ಷಾಳ ಗಾಡಿಗೆ ಹಾಕಿದ ಎಣ್ಣೆ

ಕುಷಾಯಿಗೂಡದ ಆ ಮೂರಂತಸ್ತಿನ ಅಪಾರ್ಟ್‌ಮೆಂಟಿನಲ್ಲಿ ಯಾರ ಮನೆಯ ಮಿಕ್ಸಿ ಗೊರಗುಟ್ಟಿದರೂ, ಯಾರ ಫ್ಯಾನು ಕಿರುಗುಟ್ಟಿದರೂ ಮೊದಲು ಕರೆ ಹೋಗುತ್ತಿದ್ದದ್ದು ಕೆಳಗಿನ ಮನೆಯ ಸೂರ್ಯಕಾಂತನಿಗೆ. ಶಹಾಪುರದ ಕಡೆಯವನು. ಕಾರ್ಖಾನೆಯೊಂದರ ಮಷಿನ್ ಶಾಪಿನಲ್ಲಿ ಮೂವತ್ತೊಂದು ವರ್ಷದಿಂದ ಲೇತು ಯಂತ್ರಗಳ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತನೆಂದರೆ ಒಳಗೆ ಯಾವ ಹಲ್ಲು ಸವೆದಿದೆ, ಯಾವ ಬೇರಿಂಗು ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದ. ನಾಡಿ ನೋಡುವ ವೈದ್ಯರಿಗೂ ಅಷ್ಟು ಗತ್ತು ಇರಲಿಕ್ಕಿಲ್ಲ. ಹೇಳಿದ್ದು ಹತ್ತಕ್ಕೆ ಒಂಬತ್ತು ಸಲ ಸರಿಯಾಗಿರುತ್ತಿತ್ತು ಎನ್ನುವುದೂ ನಿಜ. ಆ ಒಂಬತ್ತೇ ಅವನ ತಲೆ ಕೆಡಿಸಿದ್ದು.

ಎರಡನೇ ಮಹಡಿಯಲ್ಲಿ ಸುಬ್ಬರಾಯರ ಸಂಸಾರವಿತ್ತು. ಅವರು ತುಮಕೂರಿನ ಕಡೆಯವರು. ಅದೇ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೆಲಸ. ತಯಾರಾದ ಪ್ರತಿ ಬಿಡಿಭಾಗವನ್ನೂ ಅಳೆದು ಪಾಸು ಫೇಲು ಮಾಡುವುದು ಅವರ ಕಸುಬು, ಅಳತೆಗೆ ಸಿಗದ್ದನ್ನು ನಂಬದಿರುವುದು ಅವರ ಸ್ವಭಾವ. ಹೆಂಡತಿ ಗುಣವತಿ, ಮಗಳು ವರ್ಷಾ. ವರ್ಷಾ ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಆಗಬೇಕೆಂದು ಹಟ ಹಿಡಿದಿದ್ದಳು. ಮೊದಲ ಬರವಣಿಗೆ ಪರೀಕ್ಷೆ ಪಾಸಾಗಿತ್ತು. ಇನ್ನು ಆರು ವಾರಕ್ಕೆ ಓಟದ ಪರೀಕ್ಷೆ. ಬೆಳಗಿನ ಜಾವ ಎದ್ದು ಮೈದಾನದಲ್ಲಿ ಓಡಿ ಬಂದು, ಸ್ನಾನ ಮಾಡಿ, ಅಪ್ಪನ ಹಳೆಯ ಮೋಟಾರ್ ಸೈಕಲ್ ಏರಿ ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿಗೆ ಹೋಗುತ್ತಿದ್ದಳು. ಮೊಣಕಾಲು ನೋವು ಶುರುವಾದ ಮೇಲೆ ಸುಬ್ಬರಾಯರು ಕಂಪನಿ ಬಸ್ಸು ಹಿಡಿದಿದ್ದರು. ಮಗಳು ಗೇರಿನ ಗಾಡಿ ಓಡಿಸುವುದು ಅವರಿಗೆ ಅಷ್ಟು ರುಚಿಸಿರಲಿಲ್ಲ. ಬೇಡ ಎನ್ನಲು ಕಾರಣ ಸಿಗದೆ ಸುಮ್ಮನಿದ್ದರು.

ಒಂದು ಭಾನುವಾರ ವರ್ಷಾ ಗಾಡಿಯನ್ನು ತಳ್ಳಿಕೊಂಡು ಬಂದು ಸೂರ್ಯಕಾಂತನ ಬಾಗಿಲ ಮುಂದೆ ನಿಲ್ಲಿಸಿದಳು.

"ಅಂಕಲ್, ಗೇರ್ ಹಾಕುವಾಗ ಕಟಕ್ ಕಟಕ್ ಅನ್ನುತ್ತೆ. ನ್ಯೂಟ್ರಲ್ ಬೀಳೋದೇ ಇಲ್ಲ. ಸಿಗ್ನಲ್‌ನಲ್ಲಿ ಎಲ್ಲಾರೂ ತಿರುಗಿ ನೋಡ್ತಾರೆ."

ಸೂರ್ಯಕಾಂತ ಸ್ಕ್ರೂಡ್ರೈವರ್ ತಂದ. ಕಿವಿಗೆ ಒತ್ತಿದ. ಕಣ್ಣು ಮುಚ್ಚಿದ. ಎಣ್ಣೆಯಲ್ಲಿ ಬೆರಳು ಅದ್ದಿ ಹೆಬ್ಬೆರಳಿಗೆ ತಿಕ್ಕಿ ನೋಡಿದ.

"ಹಲ್ಲು ಚಲೋ ಅದಾವವ್ವಾ. ಎಣ್ಣಿ ನೀರಾಗೈತಿ. ಅದಕ್ಕ ಗೇರು ಒದರಾಕತ್ತೈತಿ."

"ಹೊಸ ಆಯಿಲ್ ತರಲಾ? ಅಂಗಡಿಯವನು ಬೈಕಿಗೆ ಅಂತಾನೇ ಬೇರೆ ಬರುತ್ತೆ, ಅದನ್ನೇ ಹಾಕಿ ಅಂದ."

"ಅಂಗಡ್ಯಾಂವ ಡಬ್ಬಿ ಮಾರಾಂವ. ಅವಗೇನ್ ಗೊತ್ತು ಗೇರಿನ ಸುದ್ದಿ? ನಿಲ್ಲು, ನನ್ನ ಹತ್ರ ಭಾರಿ ಎಣ್ಣಿ ಐತಿ."

ಅವನ ಹೆಂಡತಿಯ ಅಣ್ಣನ ಮಗ ಗುರುಬಸವ ಗಚ್ಚಿಬೌಲಿಯಲ್ಲಿ ಕಾರು ಓಡಿಸುತ್ತಿದ್ದ. ಹೊಸ ಕಾರಿಗೆ ತಂದ ದುಬಾರಿ ಎಣ್ಣೆಯಲ್ಲಿ ಉಳಿದದ್ದನ್ನು ಮಾವನಿಗೆ ಕೊಟ್ಟುಹೋಗಿದ್ದ. ಜೇನಿನ ಬಣ್ಣದ ನುಣ್ಣನೆಯ ಎಣ್ಣೆ. ಡಬ್ಬಿಯ ಮೇಲೆ ತಿಕ್ಕಾಟವನ್ನು ಮಾಮೂಲಿಗಿಂತ ತೀರಾ ಕಡಿಮೆ ಮಾಡುತ್ತದೆ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಸೂರ್ಯಕಾಂತನ ಮೂವತ್ತೊಂದು ವರ್ಷದ ವಿದ್ಯೆಗೆ ಅಷ್ಟು ಸಾಕಾಗಿತ್ತು. ಸದ್ದು ಬರುವುದು ತಿಕ್ಕಾಟದಿಂದ, ತಿಕ್ಕಾಟ ತಗ್ಗಿಸುವ ಎಣ್ಣೆಯೇ ಒಳ್ಳೆಯ ಎಣ್ಣೆ. ಇದರಲ್ಲಿ ಯೋಚಿಸುವುದೇನಿದೆ?

ವರ್ಷಾ ಡಬ್ಬಿಯನ್ನು ತಿರುಗಿಸಿ ನೋಡಿದಳು. "ಅಂಕಲ್, ಇದರ ಮೇಲೆ ಕಾರಿನ ಚಿತ್ರ ಇದೆಯಲ್ಲ?"

"ಗೇರಿಗೇನ್ ಕಣ್ಣ ಅದಾವೇನವ್ವಾ, ಚಿತ್ರ ನೋಡಾಕ?"

ಇಬ್ಬರೂ ನಕ್ಕರು. ಹಳೆಯ ಎಣ್ಣೆ ಇಳಿಯಿತು, ಹೊಸದು ಏರಿತು. ಗಾಡಿ ಶುರು ಮಾಡಿ ಕಾಲಿನಿಂದ ಗೇರು ಒತ್ತಿದರೆ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು. ಕಟಕ್ ಇಲ್ಲ, ಪಿಟಕ್ ಇಲ್ಲ. ವರ್ಷಾ ಗೇಟಿನ ತನಕ ಹೋಗಿ ಬಂದು, "ಅಂಕಲ್, ನೀವು ಗ್ರೇಟ್" ಎಂದಳು. ಮೇಲಿನ ಬಾಲ್ಕನಿಯಿಂದ ಸುಬ್ಬರಾಯರೂ ಇಣುಕಿ ತಲೆದೂಗಿದರು. ಅಳೆಯದೆ ಯಾವುದನ್ನೂ ಒಪ್ಪದ ಆ ಮನುಷ್ಯ ತಲೆದೂಗಿದ್ದನ್ನು ಸೂರ್ಯಕಾಂತ ಮರುದಿನ ಶಾಪಿನಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡ. ಹೊಗಳಿಕೆಯನ್ನು ಚಹಾದ ಹಾಗೆ ಹೊತ್ತು ಹೊತ್ತಿಗೆ ಕುಡಿಯುವ ಚಟ ಅವನದು.

ಹತ್ತು ದಿನ ಕಳೆದಿತ್ತು. ಸೂರ್ಯಕಾಂತ ಬೆಳಗ್ಗೆ ಡ್ಯೂಟಿಗೆ ಹೊರಟು ತನ್ನ ಗೇರಿಲ್ಲದ ಸ್ಕೂಟರನ್ನು ಹೊರಳಿಸುತ್ತಿದ್ದಾಗ ವರ್ಷಾ ಬಂದು ನಿಂತಳು.

"ಅಂಕಲ್, ಒಂದು ನಿಮಿಷ. ಗೇರ್ ಸೂಪರ್ ಆಗಿದೆ. ಆದರೆ ಎಕ್ಸಿಲರೇಟರ್ ಜಾಸ್ತಿ ಕೊಟ್ಟರೆ ಇಂಜಿನ್ ಕೂಗುತ್ತೆ, ಗಾಡಿ ಮುಂದಕ್ಕೆ ಎಳೆಯೋದಿಲ್ಲ."

ಹಾಜರಿ ಪಂಚ್ ಮಾಡುವ ಹೊತ್ತು ಮೀರುತ್ತಿತ್ತು. "ಹೊಸ ಎಣ್ಣಿ ಅಲ್ಲೇನವ್ವಾ? ಹೊಂದ್ಕೊಳ್ಳಾಕ ನಾಕ್ ದಿನ ಬೇಕು. ಏನೂ ಆಗಂಗಿಲ್ಲ, ಓಡಿಸು" ಎಂದು ಸ್ಕೂಟರ್ ಶುರು ಮಾಡಿದ. ಹಿಂತಿರುಗಿ ನೋಡಲೂ ಇಲ್ಲ.

ಅದಾದ ಎರಡನೇ ದಿನ ಉಪ್ಪಲ್ ಚೌರಸ್ತಾದಲ್ಲಿ ವರ್ಷಾ ಬಿದ್ದಳು. ಸಿಗ್ನಲ್ ಬಿಟ್ಟಿತ್ತು. ಬಲಗಡೆಯಿಂದ ಬಸ್ಸು ಬರುವುದರೊಳಗೆ ದಾಟಿಬಿಡುತ್ತೇನೆಂದು ಎಕ್ಸಿಲರೇಟರ್ ತಿರುಗಿಸಿದ್ದಳು. ಇಂಜಿನ್ ಕೂಗಿತು, ಗಾಡಿ ಮಾತ್ರ ತೆವಳಿತು. ಬಸ್ಸಿನವನು ಬ್ರೇಕು ಒತ್ತಿದ. ಅವಳ ಹಿಂದಿದ್ದ ಆಟೋದವನಿಗೆ ಅಷ್ಟು ವ್ಯವಧಾನ ಸಿಗಲಿಲ್ಲ, ಬಂದು ಗಾಡಿಗೆ ಗುದ್ದಿದ. ಬಲಗಾಲಿನ ಹರಡಿನ ಎಲುಬು ಎರಡು ಕಡೆ ಮುರಿಯಿತು. ಆರು ವಾರ ಪ್ಲಾಸ್ಟರ್ ಎಂದರು ಡಾಕ್ಟರು. ಓಟದ ಪರೀಕ್ಷೆಗೆ ಉಳಿದಿದ್ದದ್ದು ನಾಲ್ಕೇ ವಾರ.

ಮರುದಿನ ಸುಬ್ಬರಾಯರು ಸೂರ್ಯಕಾಂತನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದರು. "ನನಗೆ ಗಾಡಿ ವಿಷಯ ತಿಳಿಯೋದಿಲ್ಲ. ನೀವು ಬಂದು ನೋಡಿ ಹೇಳಿ" ಎಂದು ಕೈ ಹಿಡಿದುಕೊಂಡೇ ಕೇಳಿದ್ದರು.

ಮೆಕ್ಯಾನಿಕ್ ಆಗಲೇ ಎಣ್ಣೆ ಇಳಿಸಿ, ಕ್ಲಚ್ ಬಿಚ್ಚಿಟ್ಟಿದ್ದ. ಕೈ ತುಂಬ ಕೆಲಸವಿದ್ದವನು. ಪ್ಲೇಟುಗಳನ್ನು ಒಂದು ಸಲ ಮುಟ್ಟಿ ಗುಜರಿ ಡಬ್ಬಕ್ಕೆ ಎಸೆದು, ತನ್ನ ಹಿಂದಿಯಲ್ಲಿ ತೀರ್ಪು ಕೊಟ್ಟ. ಕ್ಲಚ್ ಜಾರಿದೆ ಸಾಬ್, ಹುಡುಗಿಯರು ಅರ್ಧ ಕ್ಲಚ್ ಹಿಡಿದುಕೊಂಡೇ ಓಡಿಸುತ್ತಾರೆ, ಪ್ಲೇಟು ಸುಟ್ಟು ಹೋಗುತ್ತವೆ.

ಸೂರ್ಯಕಾಂತ ಡಬ್ಬದಿಂದ ಒಂದು ಪ್ಲೇಟು ಎತ್ತಿಕೊಂಡ. ಸುಟ್ಟ ವಾಸನೆ ಇರಲಿಲ್ಲ. ಸವೆದಿರಲೂ ಇಲ್ಲ. ಮೇಲ್ಮೈ ಮಾತ್ರ ಗಾಜಿನಂತೆ ನುಣುಪಾಗಿತ್ತು. ಹೆಬ್ಬೆರಳು ಅದರ ಮೇಲೆ ನಿಲ್ಲದೆ ಜಾರಿತು. ಅಷ್ಟರಲ್ಲೇ ಅವನಿಗೆ ಎಲ್ಲವೂ ಹೊಳೆದುಹೋಯಿತು. ಅವನು ಬಿಚ್ಚಿ ಕಟ್ಟುತ್ತಿದ್ದ ಲೇತುಗಳಲ್ಲಿ ಗೇರಿನ ಮನೆ ಬೇರೆ, ಕ್ಲಚ್ಚಿನ ಮನೆ ಬೇರೆ. ಮೋಟಾರ್ ಸೈಕಲ್ಲಿನಲ್ಲಿ ಇಂಜಿನ್ನು, ಗೇರು, ಕ್ಲಚ್ಚು ಮೂರಕ್ಕೂ ಒಂದೇ ಎಣ್ಣೆ. ಗೇರಿನ ಹಲ್ಲುಗಳು ಜಾರಬೇಕು, ಸರಿ. ಆದರೆ ಕ್ಲಚ್ಚಿನ ಪ್ಲೇಟುಗಳು ಒಂದನ್ನೊಂದು ಕಚ್ಚಿ ಹಿಡಿಯಬೇಕು, ಹಿಡಿದರೆ ಮಾತ್ರ ಚಕ್ರಕ್ಕೆ ಬಲ. ತಿಕ್ಕಾಟವನ್ನೇ ಕೊಲ್ಲುವ ಎಣ್ಣೆಯಲ್ಲಿ ಅವನ್ನು ಮುಳುಗಿಸಿದ್ದು ಯಾರು? ಬೈಕಿನ ಎಣ್ಣೆಯೇ ಬೇರೆ ಎಂದು ಅಂಗಡಿಯವನಿಗೆ ಗೊತ್ತಿತ್ತು. ಡಬ್ಬಿಯ ಚಿತ್ರ ನೋಡಿ ಆ ಹುಡುಗಿಗೂ ಅನುಮಾನ ಬಂದಿತ್ತು. ಇವನೊಬ್ಬನಿಗೆ ಬಂದಿರಲಿಲ್ಲ.

"ಹೌದಾ, ಸೂರ್ಯಕಾಂತ್ ಅವರೇ? ಅರ್ಧ ಕ್ಲಚ್ಚಿಂದಲೇನಾ?" ಎಂದು ಸುಬ್ಬರಾಯರು ಕೇಳಿದರು.

ಸೂರ್ಯಕಾಂತ ಗೋಣು ಹಾಕಿದ. ಬಾಯಿ ಬಿಡಲಿಲ್ಲ, ಒಂದು ಸುಳ್ಳು ಮಾತೂ ಆಡಲಿಲ್ಲ. ಗೋಣು ಹಾಕಿದ, ಅಷ್ಟೆ. ಆಮೇಲೆ ಸುಬ್ಬರಾಯರು ಫೋನಿನಲ್ಲಿ ಮಾತಾಡುತ್ತ ಆಚೆ ಹೋದಾಗ ಗುಜರಿ ಡಬ್ಬಕ್ಕೆ ಕೈ ಹಾಕಿ ಐದೂ ಪ್ಲೇಟುಗಳನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡ. ಯಾಕೆ ಎಂದು ಆಗ ಅವನನ್ನೇ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ತಿಳಿದವರು ಯಾರಾದರೂ ನೋಡಿಬಿಟ್ಟರೆ ಎಂಬ ಹೆದರಿಕೆ. ಕಳ್ಳನಿಗೆ ಆಗುವ ಹೆದರಿಕೆಯೇ ಅದು.

ಅಂದು ಸಂಜೆ ಸೂರ್ಯಕಾಂತ ಆಸ್ಪತ್ರೆಗೆ ಹೋದಾಗ ಸುಬ್ಬರಾಯರು ಮಗಳ ಮಂಚದ ಪಕ್ಕ ನಿಂತು ಹೇಳುತ್ತಿದ್ದರು: "ನನಗೆ ಮೊದಲೇ ಅನಿಸಿತ್ತು. ಗೇರಿನ ಗಾಡಿ ನಿನ್ನ ಕೈಗೆ ಆಗೋದಲ್ಲ. ಸೂರ್ಯಕಾಂತ್ ಅವರೇ ನೋಡಿದಾರೆ, ಕೇಳು ಬೇಕಾದರೆ."

ವರ್ಷಾ ಕೇಳಲಿಲ್ಲ. "ಅಂಕಲ್‌ಗೆ ಮೊನ್ನೆಯೇ ಹೇಳಿದ್ದೆ ಅಪ್ಪಾ, ಗಾಡಿ ಎಳೀತಿಲ್ಲ ಅಂತ. ಏನೂ ಆಗಲ್ಲ ಅಂದಿದ್ರು. ಗಾಡಿ ಸರಿ ಇತ್ತು ಅಂತಾಯ್ತಲ್ಲ. ನನ್ನದೇ ತಪ್ಪು" ಎಂದಳು.

ಅವಳು ಕುಹಕವಾಡಿದ್ದಲ್ಲ. ನಂಬಿ ಹೇಳಿದ್ದು. ಅವನ ಮೇಲಿನ ನಂಬಿಕೆಯನ್ನೇ ಅವಳು ತನ್ನ ವಿರುದ್ಧ ಸಾಕ್ಷಿ ಮಾಡಿಕೊಂಡಿದ್ದಳು. ಸೂರ್ಯಕಾಂತನಿಗೆ ನೆಲ ಬಾಯ್ಬಿಡಬಾರದೇ ಎನಿಸಿತು. ಈಗ ಹೇಳಿಬಿಡಲೇ ಎಂದುಕೊಂಡ. ಆಸ್ಪತ್ರೆಯಲ್ಲಿ ಬೇಡ, ಮನೆಗೆ ಬಂದ ಮೇಲೆ. ಮನೆಗೆ ಬಂದಳು. ನೋವು ಕಡಿಮೆಯಾಗಲಿ. ನೋವು ಕಡಿಮೆಯಾಯಿತು. ಪರೀಕ್ಷೆಯ ದಿನ ದಾಟಲಿ, ಈಗ ಹೇಳಿದರೆ ಇನ್ನಷ್ಟು ಸಂಕಟ. ಆ ದಿನವೂ ದಾಟಿತು. ಅಂದು ಗುಣವತಿ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತರಂತೆ. ಮುಂದಿನ ನೇಮಕಾತಿ ಯಾವ ವರ್ಷವೋ ದೇವರೇ ಬಲ್ಲ. ಪ್ರತಿ ಸಲವೂ ಮುಂದೂಡಲು ಅವನಿಗೊಂದು ಕಾರಣ ಸಿಗುತ್ತಿತ್ತು. ಪ್ರತಿ ಕಾರಣದಲ್ಲೂ ಒಂದಿಷ್ಟು ದಯೆಯ ಬಣ್ಣ ಇರುತ್ತಿತ್ತು.

ಹೇಳದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಸೇವೆ ಶುರು ಹಚ್ಚಿಕೊಂಡ. ಔಷಧಿ ತಂದುಕೊಡುವುದು, ಡ್ರೆಸಿಂಗಿಗೆ ಆಟೋ ಕರೆಯುವುದು, ಮೆಟ್ಟಿಲಿಗೆ ಹಿಡಿಗಂಬಿ ಕೂರಿಸುವುದು. ಗುಣವತಿ ಎದುರಾದಾಗಲೆಲ್ಲ, "ಒಡಹುಟ್ಟಿದೋರೂ ಇಷ್ಟು ಮಾಡಲ್ಲ ಅಣ್ಣಾ" ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ಅವನು ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ. ಹೊಗಳಿಕೆ ಕುಡಿಯುವ ಚಟವೂ ಬಿಟ್ಟೇಹೋಯಿತು. ಶಾಪಿನಲ್ಲಿ ಯಾರಾದರೂ ಲೇತಿನ ಸದ್ದು ಕೇಳಿ ಹೇಳು ಎಂದರೆ, "ಬಿಚ್ಚಿ ನೋಡ್ರಿ, ಕಿವಿ ನಂಬಬ್ಯಾಡ್ರಿ" ಎಂದು ಸಿಡುಕುತ್ತಿದ್ದ.

ಬೀರುವಿನ ಕೆಳಖಾನೆ ಗುಡಿಸುವಾಗ ಹೆಂಡತಿ ಗೋದಾಬಾಯಿಯ ಕೈಗೆ ಕರವಸ್ತ್ರದ ಗಂಟು ಸಿಕ್ಕಿತು.

"ಇವೇನ್ರೀ, ಕೈಯಾಗಿನ ಬಳಿ ಇದ್ದಂಗ ಅದಾವ?"

ಸೂರ್ಯಕಾಂತನಿಗೆ ಸುಳ್ಳು ಹೇಳಲು ತ್ರಾಣ ಉಳಿದಿರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದ. ಗೋದಾಬಾಯಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಬಿಗಿಯಾಗಿ ಕಟ್ಟಿದಳು. ಬೈಯುತ್ತಾಳೆಂದು ಅವನು ಕಾಯುತ್ತಿದ್ದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ತಪ್ಪ ಹೆಣ್ಣ ಹುಡುಗಿ ಮ್ಯಾಲ ಹಾಕಿದ್ರಲ್ಲಾ" ಎಂದಳು. "ಗಂಡ ಹುಡುಗ ಬಿದ್ದಿದ್ರ ಆ ಮೆಕ್ಯಾನಿಕ್ ಹಂಗ ಅಂತಿದ್ನೇನು? ನೀವು ಗೋಣ ಹಾಕ್ತಿದ್ರೇನು?"

ಸೂರ್ಯಕಾಂತ ಗಂಟನ್ನು ಅವಳ ಕೈಯಿಂದ ತೆಗೆದುಕೊಂಡು ಬೀರುವಿನೊಳಗೆ ಇಟ್ಟ.

ಆ ಶನಿವಾರ ಸಂಜೆ ವರ್ಷಾ ಕೋಲು ಊರಿಕೊಂಡು ಮೆಟ್ಟಿಲಿಳಿದು ಬಂದಳು. ಪ್ಲಾಸ್ಟರ್ ತೆಗೆದು ವಾರವಾಗಿತ್ತು. ಗಾಡಿಯ ಕೀಲಿಕೈಯನ್ನು ಅವನ ಮುಂದೆ ಹಿಡಿದಳು.

"ಅಪ್ಪ ಮಾರಿಬಿಡೋಣ ಅಂತಿದಾರೆ. ನೀವೇ ಯಾರಿಗಾದರೂ ಕೊಡಿಸಿ ಅಂಕಲ್. ಕೋಚಿಂಗ್ ಕೂಡ ಬಿಟ್ಟೆ. ಒಂದು ಕ್ಲಚ್ ಹಿಡಿಯೋಕೆ ಬರದವಳು ನಾಳೆ ಜೀಪು ಓಡಿಸ್ತೀನಾ?"

ನಗುತ್ತಲೇ ಹೇಳಿದಳು. ಕೀಲಿಕೈ ಕಿಟಕಿಯ ಮೇಲಿಟ್ಟು ಹೋದಳು. ಮೂರು ವರ್ಷ ಬೆಳಗಿನ ಜಾವ ಎದ್ದು ಓಡಿದ ಹುಡುಗಿ ಅಂದು ಅವನು ಗೋಣು ಹಾಕಿದ್ದರಿಂದ ಓಟವನ್ನೇ ನಿಲ್ಲಿಸುತ್ತಿದ್ದಾಳೆ ಎಂಬುದು ಸೂರ್ಯಕಾಂತನಿಗೆ ಸ್ಪಷ್ಟವಾಯಿತು. ಇನ್ನು ಮುಂದೂಡಲು ಒಂದು ಕಾರಣವೂ ಉಳಿದಿರಲಿಲ್ಲ.

ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಮೇಲೆ ಹೋದ. ಸುಬ್ಬರಾಯರು ಪೇಪರು ಓದುತ್ತಿದ್ದರು. ವರ್ಷಾ ಸೋಫಾದಲ್ಲಿ ಕಾಲು ಚಾಚಿ ಕುಳಿತಿದ್ದಳು. ಗುಣವತಿ ಕಾಫಿ ತರಲು ಹೊರಟರು. ಬೇಡವೆಂದು ಕೈ ಮುಗಿದ.

"ಸುಬ್ಬರಾಯರ, ವರ್ಷಾಂದು ಏನೂ ತಪ್ಪಿಲ್ಲರಿ. ತಪ್ಪು ನಂದು. ನಾ ಹಾಕಿದ ಎಣ್ಣಿ ಕಾರಿಂದು. ಅದರಿಂದನ ಕ್ಲಚ್ ಜಾರಿದ್ದು."

ಸುಬ್ಬರಾಯರು ಕನ್ನಡಕ ತೆಗೆದು ನಕ್ಕರು. "ನಿಮ್ಮದು ದೊಡ್ಡ ಮನಸ್ಸು, ಸೂರ್ಯಕಾಂತ್ ಅವರೇ. ಹುಡುಗಿ ಕೋಚಿಂಗ್ ಬಿಟ್ಟಳು ಅಂತ ನಿಮಗೂ ಬೇಜಾರಾಗಿದೆ. ಅವಳಿಗೆ ಧೈರ್ಯ ಬರಲಿ ಅಂತ ಇಲ್ಲದ ತಪ್ಪನ್ನ ಮೈಮೇಲೆ ಹಾಕ್ಕೋಬೇಡಿ. ನೀವೇ ತಾನೇ ಗ್ಯಾರೇಜಲ್ಲಿ ನೋಡಿದ್ದು?"

"ನೋಡಿದ್ದೆ. ನೋಡಿದ ಮ್ಯಾಲೂ ಸುಳ್ಳಿಗೆ ಗೋಣ ಹಾಕಿದೆ."

"ಇರಲಿ ಬಿಡಿ, ಕೂತ್ಕೊಳ್ಳಿ. ಕಾಫಿ ಕುಡಿಯಿರಿ."

ಎಂಥ ಪರಿಸ್ಥಿತಿ! ಮೂವತ್ತೊಂದು ವರ್ಷ ಕಟ್ಟಿಕೊಂಡ ಹೆಸರೇ ಈಗ ನಿಜಕ್ಕೆ ಅಡ್ಡ ನಿಂತಿತ್ತು. ಸೂರ್ಯಕಾಂತ ಕರವಸ್ತ್ರ ಬಿಚ್ಚಿ ಐದು ಪ್ಲೇಟುಗಳನ್ನು ಟೀಪಾಯಿಯ ಮೇಲೆ ಸಾಲಾಗಿ ಇಟ್ಟ. ಜೇಬಿನಿಂದ ವರ್ನಿಯರ್ ತೆಗೆದು ಪಕ್ಕದಲ್ಲಿಟ್ಟ. ಕಾರ್ಖಾನೆಯಲ್ಲಿ ಕೂದಲೆಳೆಯ ವ್ಯತ್ಯಾಸವನ್ನೂ ಅಳೆಯುವ ಆ ಉಪಕರಣ ಸುಬ್ಬರಾಯರಿಗೆ ಅನ್ನ ಕೊಡುವ ವಸ್ತು.

"ಅರ್ಧ ಕ್ಲಚ್ ಹಿಡಿದು ಸುಟ್ಟಿದ್ರ ಇವು ಸವೆದಿರಬೇಕು. ಹೊಸಾದು ಮೂರು ಮಿಲಿಮೀಟರ್ ಇರತೈತಿ. ಎರಡೂವರಿಗೆ ಬಂದ್ರ ಸವೆದಂಗ. ನೀವ ಅಳೀರಿ."

ಸುಬ್ಬರಾಯರ ಮುಖದ ನಗು ಮಾಯವಾಯಿತು. ಸೂರ್ಯಕಾಂತನ ವರ್ನಿಯರನ್ನು ಮುಟ್ಟಲಿಲ್ಲ. ಒಳಗೆ ಹೋಗಿ ತಮ್ಮದನ್ನೇ ತಂದರು. ಬಟ್ಟೆಯಿಂದ ಒರೆಸಿದರು, ಮುಳ್ಳು ಸೊನ್ನೆಗೆ ಸರಿಯಾಗಿ ಕೂರುತ್ತದೆಯೇ ನೋಡಿಕೊಂಡರು. ಮೊದಲ ಪ್ಲೇಟನ್ನು ನಾಲ್ಕು ಕಡೆ ಹಿಡಿದು ಅಳೆದರು. ಎರಡು ಪಾಯಿಂಟ್ ಒಂಬತ್ತು ಆರು. ಎರಡನೆಯದು, ಒಂಬತ್ತು ಐದು. ಹಾಗೆಯೇ ಐದನ್ನೂ ಅಳೆದರು. ಕಡೆಯದನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು, ಹೆಬ್ಬೆರಳಿನಿಂದ ಒತ್ತಿದರು. ಬೆರಳು ಜಾರಿತು.

"ಸವೆದೇ ಇಲ್ಲ" ಎಂದರು, ತಮಗೇ ಹೇಳಿಕೊಳ್ಳುವಂತೆ.

"ಸವೆದಿಲ್ಲರಿ. ನನ್ನ ಎಣ್ಣಿ ಅವನ್ನ ಹಿಡಿಗೊಡಲಿಲ್ಲ. ಹುಡುಗಿ ಗಾಡಿ ಬರೋಬ್ಬರಿ ಓಡಿಸ್ಯಾಳ."

ಬೈಯಲಿ, ಕಪಾಳಕ್ಕೆ ಹೊಡೆಯಲಿ, ಎಲ್ಲದಕ್ಕೂ ಸೂರ್ಯಕಾಂತ ತಯಾರಾಗಿ ಬಂದಿದ್ದ. ವರ್ಷಾ ಮುಂದಕ್ಕೆ ಬಾಗಿ ಒಂದು ಪ್ಲೇಟು ಎತ್ತಿಕೊಂಡು ನೋಡುತ್ತಿದ್ದಳು.

"ಇವು ನಿಮ್ಮ ಹತ್ರ ಯಾವಾಗಿಂದ ಇವೆ ಅಂಕಲ್?"

ಆ ಪ್ರಶ್ನೆಗೆ ಮಾತ್ರ ಅವನು ತಯಾರಾಗಿರಲಿಲ್ಲ.

"ನೀ ಬಿದ್ದ ಮರುದಿನದಿಂದ ಅವ್ವಾ."

"ಅವತ್ತೇ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

ವರ್ಷಾ ಪ್ಲೇಟನ್ನು ಮೆಲ್ಲನೆ ಟೀಪಾಯಿಯ ಮೇಲಿಟ್ಟಳು. "ತಪ್ಪು ಎಣ್ಣೆ ಯಾರು ಬೇಕಾದರೂ ಹಾಕ್ತಾರೆ. ನಾನೂ ಡಬ್ಬಿ ನೋಡಿ ಸುಮ್ಮನಾದೆನಲ್ಲ" ಎಂದಳು. ಮತ್ತೆ ಹೇಳಿದಳು: "ಐವತ್ತು ದಿನ ಹಾಸಿಗೆ ಮೇಲೆ ಮಲಗಿ ಕ್ಲಚ್ ಹಿಡಿದಿದ್ದ ನನ್ನ ಎಡಗೈಯನ್ನೇ ನೋಡ್ತಿದ್ದೆ ಅಂಕಲ್. ಈ ಕೈ ಅವತ್ತು ಏನು ಮಾಡಿತು, ಎಷ್ಟು ಬಿಟ್ಟಿತು, ಎಷ್ಟು ಹಿಡಿದಿತ್ತು ಅಂತ. ನೀವು ಪಕ್ಕದಲ್ಲೇ ಕೂತು ಕಿತ್ತಳೆ ಸುಲಿದು ಕೊಡ್ತಿದ್ರಿ."

ಗುಣವತಿ ಬಾಗಿಲಿನಲ್ಲೇ ನಿಂತಿದ್ದರು. ಅಣ್ಣಾ ಎನ್ನಲಿಲ್ಲ.

"ನಾ ಏನ್ ಮಾಡ್ಲಿ ಹೇಳವ್ವಾ?" ಎಂದ ಸೂರ್ಯಕಾಂತ.

"ಕೆಲವು ದಿನ ನಮ್ಮನೆಗೆ ಬರಬೇಡಿ ಅಂಕಲ್."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸುಬ್ಬರಾಯರು ಎಂಥ ಮರ್ಯಾದಸ್ಥರೆಂದರೆ ಬಾಗಿಲಿಗೆ ಬಂದ ಸೇಲ್ಸ್‌ಮನ್ನನ್ನೂ ಕೂರಿಸಿ ನೀರು ಕೊಡುವವರು. ಅವರೂ ಬೇಡ, ಹಾಗನ್ನಬೇಡ ಎನ್ನಲಿಲ್ಲ. ಸೂರ್ಯಕಾಂತ ಕೀಲಿಕೈಯನ್ನು ಪ್ಲೇಟುಗಳ ಪಕ್ಕ ಇಟ್ಟು, ಇನ್ನೊಮ್ಮೆ ಕೈ ಮುಗಿದು ಹೊರಬಂದ. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂದು ಇಷ್ಟು ದಿನ ಅಂದುಕೊಂಡಿದ್ದ. ಹಗುರಾಗಲಿಲ್ಲ. ಆ ಹುಡುಗಿ ಹೊತ್ತಿದ್ದ ಭಾರ ಅವನ ತಲೆಗೆ ಬಂದಿತ್ತು, ಅದು ಅಲ್ಲಿಯೇ ಇರಬೇಕಾದದ್ದೂ ನ್ಯಾಯವೇ.

ನಾಲ್ಕು ಮೆಟ್ಟಿಲು ಇಳಿದಿದ್ದನಷ್ಟೆ. ಮೇಲೆ, ಇನ್ನೂ ಮುಚ್ಚಿರದ ಬಾಗಿಲಿನಿಂದ ಸುಬ್ಬರಾಯರ ದನಿ ಕೇಳಿಸಿತು.

"ವರ್ಷಾ, ನಾನೂ ನಿನ್ನನ್ನೇ ಅಂದೆನಲ್ಲಮ್ಮ. ಕೇಳದೆ, ನೋಡದೆ ಅಂದುಬಿಟ್ಟೆ. ತಪ್ಪಾಯ್ತು ಮಗಳೇ."

ಸೂರ್ಯಕಾಂತ ಗೋಡೆಗೆ ಕೈ ಕೊಟ್ಟು ನಿಂತ. ಅವನಿಗೆ ಐವತ್ತು ದಿನ ಬೇಕಾಗಿತ್ತು, ಅವರು ನಿಜ ತಿಳಿದು ಐದು ನಿಮಿಷವೂ ಆಗಿರಲಿಲ್ಲ.